ಮಣಿಕಟ್ಟಿನ ಗಿಣ್ಣು

ಹೋದ ವಾರ ಕೊಳ್ಳೇಗಾಲದ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳ ಬುಟ್ಟಿಯ ಅಂಚಿನಲ್ಲಿ ಒಂದು ಕಟ್ಟು ಮಂಗರವಳ್ಳಿ ಕಂಡಿತು. ಹಸಿರು, ನಾಲ್ಕು ಏಣು, ಅಲ್ಲಲ್ಲಿ ಗಂಟು. "ಚಟ್ನಿಗೆ ಚೆನ್ನಾಗಿರ್ತದೆ, ತಕಳಿ ಅಕ್ಕ" ಅಂದಳು. ಕೊಂಡು ತಂದೆ. ಎಷ್ಟೋ ವರ್ಷಗಳಿಂದ ಮುಟ್ಟಿರದ ಬಳ್ಳಿ ನೋಡಿ, ಕೈಗೆ ಎಣ್ಣೆ ಸವರಿಕೊಳ್ಳುವುದನ್ನೇ ಮರೆತು ಹೆಚ್ಚಲು ಕೂತೆ. ಎರಡು ತುಂಡು ಹೆಚ್ಚುವಷ್ಟರಲ್ಲಿ ಬೆರಳೆಲ್ಲ ತುರಿಕೆ. "ಉಣ್ಸೆಹಣ್ಣ ಉಜ್ಜಮ್ಮಿ, ಕೆರ್ಕಬ್ಯಾಡ" ಎಂದು ಹಿಂದಿನಿಂದ ಯಾರೋ ಅಂದಂತಾಯಿತು. ತಿರುಗಿ ನೋಡಿದೆ. ನನ್ನ ವಯಸ್ಸಿನವರಿಗೆ ಹೀಗೆಲ್ಲ ಆಗುತ್ತದೆ...

ಅದು ನಮ್ಮ ಅತ್ತೆಯ ದನಿ. ಅತ್ತೆ ಅಂದರೆ ಸಂಬಂಧದಿಂದ ಅತ್ತೆಯಲ್ಲ, ಕಾಮಗೆರೆಯಲ್ಲಿ ನಮ್ಮ ಪಕ್ಕದ ಮನೆಯ ವಯಸ್ಸಾದ ಹೆಂಗಸು. ಹನೂರಿನ ಆಚೆ, ಕಾಡಿನಂಚಿನ ಊರಿಂದ ಮದುವೆಯಾಗಿ ಬಂದವಳು. ಆ ಕಡೆ ಅರ್ಧ ಕನ್ನಡ ಅರ್ಧ ತಮಿಳು. ಮಂಗರವಳ್ಳಿಯನ್ನು ಅವಳು ಕೊನೆಯತನಕ ಪೆರಂಡೆ ಎಂದೇ ಕರೆದಳು. ಗಂಡ ನೀಲಗಿರಿಯ ಎಸ್ಟೇಟಿಗೆ ಕೂಲಿಗೆ ಹೋದವನು ಹಿಂದಿರುಗಲಿಲ್ಲ. ಸತ್ತನೋ ಇದ್ದಾನೋ ಗೊತ್ತಿಲ್ಲದ ಕಾರಣ ಅವಳು ಕುಂಕುಮ ಇಡುವುದನ್ನು ಬಿಡಲಿಲ್ಲ. ಕೇಳಿದವರಿಗೆ, "ಬಂದ್ರೆ ಗುರ್ತು ಸಿಗ್ಬೇಕಲ್ಲವ್ವ" ಅಂತ ನಗುತ್ತಿದ್ದಳು. ಊರಲ್ಲಿ ಯಾರಿಗೇ ಕೈಕಾಲು ಮುರಿಯಲಿ, ದನದ ಕಾಲು ಮುರಿಯಲಿ, ಅವಳ ಜಗಲಿಗೇ ಬರುತ್ತಿದ್ದರು. ಬೇಲಿಯ ತುಂಬ ಹಬ್ಬಿದ್ದ ಬಳ್ಳಿಯಿಂದ ನಾಲ್ಕು ತುಂಡು ಮುರಿದು, ಜಜ್ಜಿ, ಉದ್ದಿನ ಹಿಟ್ಟಿನಲ್ಲಿ ಕಲಸಿ, ಬೆಚ್ಚಗೆ ಮಾಡಿ ಕಟ್ಟು ಕಟ್ಟುತ್ತಿದ್ದಳು.

ನಾನು ಕೊಳ್ಳೇಗಾಲದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನಮ್ಮ ತಾಲ್ಲೂಕು ಮದ್ರಾಸಿನಿಂದ ಮೈಸೂರಿಗೆ ಸೇರಿ ಕೆಲವು ವರ್ಷಗಳಾಗಿದ್ದವು ಅಷ್ಟೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಎಸ್ಸೆಸ್ಸೆಲ್ಸಿ ವರ್ಷ ಯಳಂದೂರಿನಿಂದ ಒಂದು ಗಂಡು ಬಂದಿತ್ತು. ಗಂಡಿನ ಕಡೆಯವರಿಗೆ ಅಪ್ಪ, ಪರೀಕ್ಷೆ ಮುಗಿಯಲಿ ಎಂದಿದ್ದರು. ನನಗೆ ಹೇಳಿದ್ದು ಬೇರೆ: "ಪಾಸಾದ್ರೆ ಓದು, ನಾ ಅಡ್ಡ ಬರಕಿಲ್ಲ. ಆಗ್ಲಿಲ್ವಾ, ಮಾತಾಡ್ದಂಗೆ ತಾಳಿ ಕಟ್ಟಿಸ್ಕೊ."

ಪರೀಕ್ಷೆಗೆ ಒಂದೂವರೆ ತಿಂಗಳಿದೆ ಅನ್ನುವಾಗ ಹುಣಸೆಮರದಿಂದ ಬಿದ್ದೆ. ಕಾಯಿ ಬಡಿಯಲು ಹತ್ತಿದ್ದು. ಬಲಗೈ ಊರಿಕೊಂಡು ಬಿದ್ದೆ. ಮಣಿಕಟ್ಟಿನ ಮೇಲೆ ಮುರಿದಿತ್ತು. ನೋವಿಗಿಂತ ಮೊದಲು ನೆನಪಾದದ್ದು ಬಲಗೈ ಅನ್ನುವುದು. ಅಪ್ಪ ಅಂಗಳದಲ್ಲಿ ನಿಂತು ನನ್ನ ಕೈ ನೋಡಿದರು. ಆಮೇಲೆ ಅಮ್ಮನಿಗೆ ಮೆಲ್ಲಗೆ, "ಇನ್ನೊಂದು ವರ್ಷ ಅವ್ರು ಕಾಯಕಿಲ್ಲ ಕಣೆ" ಅಂದರು. ಅದು ನನಗೂ ಕೇಳಿಸಿತು, ಬೇಲಿಯಾಚೆ ಅತ್ತೆಗೂ ಕೇಳಿಸಿತು.

ಅತ್ತೆ ಬಂದವಳೇ ಅಪ್ಪನ ಮುಂದೆ ನಿಂತಳು.

"ಅಣ್ಣಾ, ಕೂಸಿನ ಕೈ ನಾ ಕೂಡಿಸ್ತೀನಿ. ಪರೀಕ್ಸೆ ಬರೀಲಿ ಅಂದಿದ್ದೆಯಲ್ಲ, ಆ ಮಾತ ನೀ ಮುರೀಬ್ಯಾಡ. ಅದ್ಕೆ ನನ್ತವು ಮದ್ದಿಲ್ಲ."

ಅಪ್ಪ ಟವೆಲ್ ಕೊಡವಿಕೊಂಡು ಹೊಲಕ್ಕೆ ಹೋದರು. ಒಪ್ಪಿದರು ಅಂತ ಅರ್ಥ.

ಕೈ ಎಳೆದು ಕೂರಿಸುವಾಗ ನಾನು ಕೂಗಿದ ಕೂಗಿಗೆ ಬೀದಿಯೇ ನೆರೆಯಿತು. ಬಿದಿರಿನ ದಬ್ಬೆ ಇಟ್ಟು ಕಟ್ಟಿದಳು. ಮೂಳೆ ತಾನಾಗಿಯೇ ಕೂಡುತ್ತದೆ, ಕಟ್ಟು ಅದನ್ನು ಅಲುಗದಂತೆ ಹಿಡಿದಿರುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆಗ ನಾನು ನಂಬಿದ್ದು ಬಳ್ಳಿಯನ್ನು. ದಿನಾ ಬೆಳಿಗ್ಗೆ ರೊಟ್ಟಿಯ ಜೊತೆ ಅದರದ್ದೇ ಚಟ್ನಿ. ನಾಲಿಗೆ ಚುರುಚುರು ಅನ್ನುತ್ತಿತ್ತು.

ಬರೆಯಲಾಗದ ಮೇಲೆ ಬಾಯಲ್ಲೇ ಓದಬೇಕಾಯಿತು. ಅಮ್ಮನಿಗೆ ಕೆಲಸ, ತಮ್ಮಂದಿರ ಗಲಾಟೆ. ಅತ್ತೆಯ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅವಳು ಎದುರಿಗೆ ಹರಳು ಬಿಡಿಸುತ್ತಲೋ ಹುರುಳಿ ಕೇರುತ್ತಲೋ ಇರುತ್ತಿದ್ದಳು. ಒಂದು ದಿನ ಸಸ್ಯಶಾಸ್ತ್ರದ ಪಾಠ. ಕಾಂಡದ ಮೇಲೆ ಎಲೆ ಹುಟ್ಟುವ ಜಾಗವೇ ಗಿಣ್ಣು, ಎರಡು ಗಿಣ್ಣುಗಳ ನಡುವಿನದು ಅಂತರಗಿಣ್ಣು, ಮೊಗ್ಗು ಮತ್ತು ಕವಲು ಗಿಣ್ಣಿನಿಂದಲೇ ಹೊರಡುತ್ತವೆ... ನಾನು ಇದನ್ನೇ ಉರು ಹೊಡೆಯುತ್ತಿದ್ದರೆ ಅತ್ತೆ ಮೊರ ಕೆಳಗಿಟ್ಟಳು.

"ಯಾರ ಮನೇಲಮ್ಮಿ ಎಮ್ಮೆ ಕರ ಆಕದೆ? ಆಗ್ಲಿಂದ ಗಿಣ್ಣು ಗಿಣ್ಣು ಅಂತ ಬಾಯಿ ಬುಡ್ತಾ ಇದ್ದೀಯೆ?"

ಈದ ಎಮ್ಮೆಯ ಹಾಲಿನ ಗಿಣ್ಣಲ್ಲ, ಬಳ್ಳಿಯ ಗಿಣ್ಣು ಎಂದು ವಿವರಿಸಿದೆ. ಅವಳು ತನ್ನ ಬೆರಳು ಮಡಿಸಿ ಗೆಣ್ಣುಗಂಟು ತೋರಿಸಿದಳು. "ಇದೂ ಗಿಣ್ಣೇ ಅಲ್ವಾ ಮತ್ತೆ?" ಮೇಷ್ಟ್ರು ಹಾಗೆ ಹೇಳಿರಲಿಲ್ಲ. ಆದರೆ ಹೌದು, ನಮ್ಮ ಮಾತಿನಲ್ಲಿ ಕಬ್ಬಿಗೂ ಬಿದಿರಿಗೂ ಬೆರಳಿಗೂ ಒಂದೇ ಪದ.

ಅಂದಿನಿಂದ ಅವಳಿಗೆ ಆ ಪಾಠದ ಹುಚ್ಚು ಹಿಡಿಯಿತು. ಅಡುಗೆಮನೆಯಿಂದ ಒಂದೊಂದೇ ತಂದು ಮುಂದೆ ಹಿಡಿಯುವಳು. ಶುಂಠಿ? ಕಾಂಡ. ಅರಿಸಿನ? ಕಾಂಡ. ಆಲೂಗಡ್ಡೆ? ಅದೂ ಕಾಂಡವೇ. ಗೆಣಸು? ಅದು ಬೇರು.

"ಅದ್ಯಾಕಮ್ಮಿ? ಎಲ್ಲಾ ಮಣ್ಣೊಳಗೇ ಬಿದ್ದಿರವೇ. ಗೆಣಸೇನು ನಿಮ್ ಮೇಷ್ಟ್ರಿಗೆ ಬೈದಿತ್ತಾ?"

ಆಲೂಗಡ್ಡೆಗೆ ಕಣ್ಣುಗಳಿವೆ, ಶುಂಠಿಗೆ ಗಿಣ್ಣುಗಳಿವೆ, ಕೆಟ್ಟ ಕಾಲ ಕಳೆಯಲು ಆಹಾರ ತುಂಬಿಕೊಂಡು ನೆಲದೊಳಗೆ ಕೂತ ಕಾಂಡಗಳು ಅವು ಎಂದೆ. ಗೆಣಸಿಗೆ ಗಿಣ್ಣಿಲ್ಲ. ಪಾಪಾಸುಕಳ್ಳಿಯದು ಇನ್ನೊಂದು ಬಗೆ: ಎಲೆಗಳು ಮುಳ್ಳಾಗಿವೆ, ಕಾಂಡವೇ ಹಸಿರಾಗಿ ಎಲೆಯ ಕೆಲಸ ಮಾಡುತ್ತದೆ. ನಮ್ಮ ಬೇಲಿಯ ಮಂಗರವಳ್ಳಿಯೂ ಹೆಚ್ಚುಕಡಿಮೆ ಹಾಗೆಯೇ. ಎಲೆ ಹೆಸರಿಗೊಂದು ಬರುತ್ತದೆ, ಉದುರುತ್ತದೆ. ನೀರು ಕೂಡಿಡುವುದು, ಆಹಾರ ಮಾಡುವುದು, ಎಲ್ಲ ಕಾಂಡವೇ. ಬೇಲಿಯನ್ನು ಹಿಡಿದುಕೊಳ್ಳುವ ಸುರುಳಿ ಎಳೆ ಕೂಡ ಕಾಂಡದ್ದೇ ಇನ್ನೊಂದು ರೂಪ.

ಅತ್ತೆ ಸ್ವಲ್ಪ ಹೊತ್ತು ಬೇಲಿ ನೋಡಿದಳು.

"ಅಂಗಾರೆ ನಾನೂ ಅದೇ ಜಾತಿ ಕಣಮ್ಮಿ. ಎಲೆ ಉದ್ರೋಯ್ತು. ಅದ್ರ ಕೆಲ್ಸಾನೂ ನಾನೇ ಮಾಡ್ತಾ ಇವ್ನಿ" ಎಂದು ದೊಡ್ಡದಾಗಿ ನಕ್ಕಳು. ನಾನೂ ನಕ್ಕೆ. ನನಗಾಗ ಹದಿನಾರು, ನಗುವಂಥ ಮಾತು ಅಂದುಕೊಂಡಿದ್ದೆ...

ಪರೀಕ್ಷೆಗೆ ಒಂದು ವಾರ ಮುಂಚೆ ಕಟ್ಟು ಬಿಚ್ಚಿದಳು. ಕೈ ಸಣ್ಣಗೆ, ಬೆಳ್ಳಗೆ, ಬೇರೆ ಯಾರದೋ ಕೈಯಂತಿತ್ತು. ಪೆನ್ನು ಹಿಡಿದರೆ ಬೆರಳು ಮಡಚದು. ನಾನು ಅಳತೊಡಗಿದೆ. ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಒಂದೊಂದೇ ಬೆರಳು ನೀವಿದಳು. "ಇದು ಗಿಣ್ಣು. ಇದು ಅಂತ್ರಗಿಣ್ಣು. ಇದು ಗಿಣ್ಣು..." ಎಂದು ನನ್ನ ಪಾಠವನ್ನೇ ನನಗೆ ಒಪ್ಪಿಸುತ್ತ ನೀವಿದಳು. ಅ ಆ ಗೊತ್ತಿಲ್ಲದವಳು ಕೇಳಿ ಕೇಳಿಯೇ ಕಲಿತಿದ್ದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಆ ವಾರ ಅವಳ ಹುರುಳಿ ಅಂಗಳದಲ್ಲೇ ಬಿದ್ದಿತ್ತು.

ಪರೀಕ್ಷೆ ಬರೆದೆ. ಅಕ್ಷರ ಕೋಳಿ ಕೆದರಿದಂತಿತ್ತು, ಆದರೂ ಬರೆದೆ. ಕಾಂಡದ ಮೇಲೆ ಒಂದು ಪ್ರಶ್ನೆಯೂ ಬರಲಿಲ್ಲ. ಅದನ್ನು ಕೇಳಿ ಅತ್ತೆಗೆ ಬಂದ ಸಿಟ್ಟು ಹೇಳತೀರದು. "ಯಾವನಮ್ಮಿ ಪ್ರಶ್ನೆ ಮಾಡ್ದೋನು? ಅವ್ನ ಮನೆ ಆಳಾಗ! ಇಷ್ಟೊಂದು ಕಲ್ತಿದ್ವಲ್ಲ!" ಕಲ್ತಿದ್ವಲ್ಲ ಅಂದಳು, ಕಲ್ತಿದ್ದೆಯಲ್ಲ ಅನ್ನಲಿಲ್ಲ.

ನಾನು ಪಾಸಾದೆ. ಯಳಂದೂರಿನವರು ಬೇರೆ ಹೆಣ್ಣು ನೋಡಿಕೊಂಡರು. ಅಪ್ಪ ಕೊಟ್ಟ ಮಾತು ಉಳಿಸಿಕೊಂಡರು. ಹನೂರಿನ ಸಂತೆಯಲ್ಲಿ ಎತ್ತು ಕೊಳ್ಳಲು ಹೋದವರು ಎತ್ತಿನ ಮಾತು ಬಿಟ್ಟು ಮಗಳು ಪಾಸಾದದ್ದನ್ನೇ ಹೇಳಿಕೊಂಡು ಬಂದರಂತೆ. ಮೈಸೂರಿನಲ್ಲಿ ಹಾಸ್ಟೆಲು ಸೇರಿ ಬಿ.ಎಸ್ಸಿ. ಓದಿದೆ. ಸಸ್ಯಶಾಸ್ತ್ರವನ್ನೇ ತೆಗೆದುಕೊಂಡೆ. ಸೂರ್ಯಕಾಂತಿಯ ಕಾಂಡವನ್ನು ಬ್ಲೇಡಿನಿಂದ ತೆಳ್ಳಗೆ ಕುಯ್ದು ಮೈಕ್ರೋಸ್ಕೋಪಿನಡಿ ಮೊದಲ ಸಲ ನೋಡಿದ ದಿನ ನೆನಪಿದೆ. ನೀರು ಏರುವ ನಾಳ, ಆಹಾರ ಇಳಿಯುವ ನಾಳ, ಜೊತೆಜೊತೆಗೆ, ಬಳೆ ಜೋಡಿಸಿಟ್ಟಂತೆ ಸುತ್ತಲೂ. ಅತ್ತೆಗೆ ತೋರಿಸಬೇಕು ಅನ್ನಿಸಿತು. ಮೈಕ್ರೋಸ್ಕೋಪು ಊರಿಗೆ ಹೊತ್ತು ತರುವಂಥದ್ದಲ್ಲ. ಹಾಳೆಯಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದಿಟ್ಟುಕೊಂಡೆ.

ಕೊನೆಯ ಪರೀಕ್ಷೆ ಮುಗಿಸಿ ಬಂದ ದಿನ ಬಸ್ಸಿನ ಹತ್ತಿರವೇ ಅಮ್ಮ ಹೇಳಿದಳು. ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದಿದ್ದಾಳೆ, ಸೊಂಟದ ಕೀಲಿನ ಹತ್ತಿರ ಮುರಿದಿದೆ. ಆಸ್ಪತ್ರೆಯಲ್ಲಿ ನೋಡಿ, ಈ ವಯಸ್ಸಿಗೆ ಕೂಡುವುದು ಕಷ್ಟ, ಮನೆಯಲ್ಲಿ ಜೋಪಾನ ಮಾಡಿ ಎಂದರಂತೆ.

ಜಗಲಿಯ ಮೇಲೆ ಮಲಗಿದ್ದಳು. ಅಮ್ಮನ ಕೈಯಲ್ಲಿ ಬಳ್ಳಿ ಜಜ್ಜಿಸಿ, ಹೇಗೆ ಕಟ್ಟಬೇಕೆಂದು ಮಲಗಿದ್ದಲ್ಲಿಂದಲೇ ಹೇಳಿ ಕಟ್ಟಿಸಿಕೊಂಡಿದ್ದಳು. ಆದರೆ ಆ ಜಾಗಕ್ಕೆ ದಬ್ಬೆ ನಿಲ್ಲುವುದಿಲ್ಲ. ಅದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದಳು.

"ಓದ್ಕ ಬಂದಿದ್ದೀಯಲ್ಲ ಕೂಸೇ, ನೀನೇ ಹೇಳು. ಇದು ಕೂಡ್ತದಾ?"

"ನಾನು ಗಿಡದ್ದು ಓದಿರೋದು ಅತ್ತೆ. ಮೂಳೇದಲ್ಲ."

"ಅಯ್, ಎರಡಕ್ಕೂ ಗಿಣ್ಣಿಲ್ವಾ?"

ಬರೆದು ತಂದ ಚಿತ್ರ ಬಿಚ್ಚಿ ತೋರಿಸಿದೆ. ನೀರು ಇಲ್ಲಿ ಏರುತ್ತದೆ, ಆಹಾರ ಇಲ್ಲಿ ಇಳಿಯುತ್ತದೆ ಎಂದೆ. ಬಣ್ಣ ಚೆನ್ನಾಗಿದೆ ಅಂದಳು. ಆಮೇಲೆ ಚಿತ್ರ ಬಿಟ್ಟು ನನ್ನ ಬಲಗೈ ಹಿಡಿದುಕೊಂಡಳು. ಮಣಿಕಟ್ಟಿನ ಮೇಲೆ ಮೂಳೆ ಕೂಡಿದಲ್ಲಿ ಒಂದು ಉಬ್ಬು ಉಳಿದಿತ್ತು. ಅದರ ಮೇಲೆ ಹೆಬ್ಬೆರಳಾಡಿಸಿದಳು.

"ಸೊಟ್ಟಗೆ ಕೂಡ್ಸ್‌ಬುಟ್ಟೆ ಕಣಮ್ಮಿ ನಾನು."

"ಬರೆಯೋಕೆ ಸಾಕಾಯ್ತಲ್ಲ ಅತ್ತೆ."

"ಊಂ... ಗಿಣ್ಣು ಬಂದದೆ ಬುಡು. ಚಿಗುರೋದು ಅಲ್ಲಿಂದ್ಲೇ ಅಂತಿದ್ದೆಯಲ್ಲ ನೀನು."

ನನ್ನ ಪಾಠ ಅವಳು ಮರೆತಿರಲಿಲ್ಲ.

ನನ್ನ ಫಲಿತಾಂಶ ಬರುವಷ್ಟರಲ್ಲಿ ಅವಳು ಹೋಗಿದ್ದಳು. ಮಣ್ಣು ಮಾಡಿ ಬಂದ ಸಂಜೆ ಅಪ್ಪ ಆ ಬೇಲಿಯ ಹತ್ತಿರ ತುಂಬ ಹೊತ್ತು ನಿಂತಿದ್ದರು. ಡಿಗ್ರಿಯ ಸುದ್ದಿ ಬಂದಾಗ ಊರೆಲ್ಲ ಮನೆಗೆ ಬಂತು. ನಾನು ಎಲ್ಲರಿಗೂ ಸಕ್ಕರೆ ಕೊಟ್ಟೆ. ಪಕ್ಕದ ಜಗಲಿ ಖಾಲಿ ಇತ್ತು.

ಟೀಚರ್ ಕೆಲಸ ಸಿಕ್ಕಿ ಊರು ಬಿಟ್ಟೆ. ಅವಳ ಮನೆ ಕೈ ಬದಲಾಯಿತು. ಬೇಲಿ ಕಿತ್ತು ಗೋಡೆ ಎಬ್ಬಿಸಿದರು. ಮಂಗರವಳ್ಳಿಗೆ ಬೀಜ ಬೇಡ. ಗಿಣ್ಣಿರುವ ಒಂದು ತುಂಡನ್ನು ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಎಷ್ಟೋ ವರ್ಷ ಮಕ್ಕಳಿಗೆ ಇದನ್ನೇ ಪಾಠ ಮಾಡಿದೆ. ಆ ಬೇಲಿಯಿಂದ ಒಂದು ತುಂಡು ಮುರಿದುಕೊಳ್ಳಬೇಕೆಂದು ಮಾತ್ರ ಹೊಳೆಯಲೇ ಇಲ್ಲ...

ಹೋದ ವಾರ ತಂದ ಕಟ್ಟಿನಲ್ಲಿ ಒಂದು ತುಂಡು ಉಳಿಸಿ ಕುಂಡದಲ್ಲಿ ಊರಿದ್ದೇನೆ. ಬದುಕುತ್ತದೆ. ಆದರೆ ಅದು ಎಲ್ಲಿಯದೋ, ಯಾರ ಹಿತ್ತಲಿನದೋ. ಚಟ್ನಿ ಮಾಡಿದೆ, ಅವಳ ಕೈಯ ರುಚಿ ಬರಲಿಲ್ಲ. ಅವತ್ತು ಹೆಚ್ಚುವಾಗ ಅವಳ ದನಿ ಹೇಳಿದಂತೆ ಹುಣಸೆಹಣ್ಣು ತೆಗೆದುಕೊಂಡು ಬೆರಳು ಉಜ್ಜಿಕೊಂಡೆ. ಗಿಣ್ಣು, ಅಂತರಗಿಣ್ಣು, ಗಿಣ್ಣು. ತುರಿಕೆ ನಿಂತಿತು. ಉಜ್ಜುತ್ತ ಉಜ್ಜುತ್ತ ಹೆಬ್ಬೆರಳು ಮಣಿಕಟ್ಟಿನ ಉಬ್ಬಿನ ಮೇಲೆ ಬಂತು. ಅಲ್ಲಿಂದ ಮುಂದೆ ಹೋಗಲಿಲ್ಲ.