ಭಾವನ ಪಿಕಪ್, ಹರತಾಳ ಮತ್ತು ಅಂಜಲ್ ಮೀನು

ಗೆಳೆಯರೇ, ಇವತ್ತಿನ ದಿಢೀರ್ ಹರತಾಳದವರು ನಮ್ಮನ್ನು ಬೆಳಿಗ್ಗೆಯೇ ಕಾಸರಗೋಡಿನ ಮೊಗ್ರಾಲಿನಲ್ಲಿ ತಡೆದರು. ಗಲ್ಫಿನಿಂದ ಮರಳಿದ ಭಾವ ತಮ್ಮ ಪಿಕಪ್ಪಿನ ಹಿಂಭಾಗದಲ್ಲಿ ಹಾಸಿಗೆ, ಫ್ರಿಜ್ಜು ಎಲ್ಲ ಇಟ್ಟು ಸಣ್ಣ ಮನೆಯನ್ನೇ ಮಾಡಿದ್ದಾರೆ. ಫ್ರಿಜ್ಜಿನ ಬ್ಯಾಟರಿ ಚಾರ್ಜ್ ಆಗಬೇಕಾದರೆ ಗಾಡಿ ಓಡಬೇಕು, ನಿಂತಲ್ಲೇ ಇಂಜಿನ್ ಹಾಕಿಟ್ಟರೆ ಸಾಲದು. ಭಾವನ ಹೊಸ ಅಳಿಯ ನಾಳೆ ಮೊದಲ ಸಲ ಊಟಕ್ಕೆ ಬರುತ್ತಾನೆ. ಅವನಿಗೆಂದು ಕೊಂಡ ದೊಡ್ಡ ಅಂಜಲ್ ಮೀನು ಫ್ರಿಜ್ಜಿನೊಳಗಿತ್ತು.

"ಸಂಜೆಯವರೆಗೆ ಗಾಡಿ ಬಿಡುವುದಿಲ್ಲ," ಎಂದ ಹರತಾಳದ ಮುಂದಾಳು.

"ಬ್ಯಾಟರಿ ಮುಗೀತಾ ಬಂತು. ಮೀನು ಹಾಳಾದರೆ ಹೊಸ ಅಳಿಯನಿಗೆ ಎಂತ ಬಡಿಸುವುದು ಮಾರಾಯ?" ಎಂದರು ಭಾವ.

ಮುಂದಾಳು ಗಂಭೀರವಾಗಿ ಯೋಚಿಸಿದ. ಹೊಸ ಅಳಿಯ ಎಂದರೆ ಏನೆಂದು ಅವನಿಗೂ ಗೊತ್ತು.

"ಅಲ್ಲಿ ಶಾಲೆಯ ಮೈದಾನ ಉಂಟಲ್ಲ ಅಣ್ಣ, ಅದರಲ್ಲಿ ಸುತ್ತು ಹಾಕಿ. ರಸ್ತೆಗೆ ಮಾತ್ರ ಬರಬೇಡಿ."

ಸುತ್ತು ಹಾಕಿದೆವು. ಬಿಸಿಲೇರಿದಾಗ ಮುಂದಾಳು ಹಿಂದೆ ಹತ್ತಿ ಹಾಸಿಗೆಯಲ್ಲಿ ಮಲಗಿದ. ಭಾವ ಗಾಡಿಯನ್ನು ಇನ್ನೂ ನಿಧಾನವಾಗಿ ಓಡಿಸಿದರು.

ಮೀನು ಉಳಿಯಿತು. ಸಂಜೆ ಟಿವಿಯವರು ಬಂದಾಗ ಅವನು ಕೆಳಗಿಳಿದು, "ಹರತಾಳ ಸಂಪೂರ್ಣ ಯಶಸ್ವಿ. ರಸ್ತೆಯಲ್ಲಿ ಒಂದು ವಾಹನವೂ ಓಡಲಿಲ್ಲ," ಎಂದ. ಹೇಳಿಕೆ ಅಕ್ಷರಶಃ ನಿಜ. ಅದನ್ನು ಕೊಡುವಾಗ ಅವನ ಕೆನ್ನೆಯ ಮೇಲೆ ನಮ್ಮ ದಿಂಬಿನ ಗುರುತು ಇನ್ನೂ ಇತ್ತು.