ಕೋಳಿಯ ನೀರಿಗೆ ಎಂತ ಹಾಕಿದ್ದು?

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬೆಳ್ಮಣ್ಣಿನ ಅಕ್ಕನ ಮನೆಗೆ ಹೋದರೆ, ಕೋಳಿ ಶೆಡ್ಡಿನ ಬಾಗಿಲಲ್ಲೇ ಅಕ್ಕ ಭಾವನ ಜಗಳ.

ಬ್ರಾಯ್ಲರ್ ಕೋಳಿ ಬೇಗ ತೂಕ ಬರಲಿ ಎಂದು ಭಾವ ಅದರ ಆಹಾರಕ್ಕೆ ಆ್ಯಂಟಿಬಯಾಟಿಕ್ ಪುಡಿ ಬೆರೆಸುತ್ತಿದ್ದರು. ಈ ಸಲದ ಮರಿಗಳಿಗೆ ಅಕ್ಕ ಅದನ್ನು ನಿಲ್ಲಿಸಿ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾದ ಪುಡಿಯನ್ನು ಟ್ಯಾಂಕಿನ ನೀರಿನಲ್ಲಿ ಕಲಸಿ ಕೊಡುತ್ತಿದ್ದಳು. ಆದರೆ ಮರಿಗಳಿಗೆ ಭೇದಿ ಶುರುವಾಗಿತ್ತು, ಬೆಳವಣಿಗೆಯೂ ಅಷ್ಟಕ್ಕಷ್ಟೆ.

"ನಿನ್ನ ಪುಡಿ ನಂಬಿದರೆ ಶೆಡ್ ಖಾಲಿಯಾಗ್ತದೆ ಮಾರಾಯ್ತಿ," ಎಂದು ಭಾವ ಹಳೆಯ ಆ್ಯಂಟಿಬಯಾಟಿಕ್ ಪ್ಯಾಕೆಟ್ ಒಡೆಯಲು ಹೊರಟರು.

ಅಕ್ಕ ಅವರ ಕೈ ಹಿಡಿದಳು. "ನಮ್ಮ ಮಕ್ಕಳೂ ಇದೇ ಕೋಳಿ ತಿನ್ನುವುದಲ್ವಾ?"

ನನಗೆ ಕುತೂಹಲ ತಡೆಯಲಿಲ್ಲ. ಕಾರ್ಕಳದ ಪಶುವೈದ್ಯರೊಬ್ಬರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಎಲ್ಲ ಕೇಳಿದ ಮೇಲೆ ಅವರು, "ನೀರಿಗೆ ಬೇರೆ ಎಂತ ಹಾಕ್ತೀರಿ?" ಎಂದರು.

"ಎಂತದೂ ಇಲ್ಲ," ಎಂದಳು ಅಕ್ಕ.

ಭಾವ ಮೆಲ್ಲಗೆ ಹೇಳಿದರು, "ನಾನು ಟ್ಯಾಂಕಿಗೆ ದಿನಾ ಬ್ಲೀಚಿಂಗ್ ಪೌಡರ್ ಹಾಕ್ತೇನೆ. ನೀರು ಚೊಕ್ಕ ಇರಲಿ ಅಂತ."

"ಮತ್ತೆ ಆ ಬ್ಯಾಕ್ಟೀರಿಯಾ ಬದುಕುವುದು ಹೇಗೆ?" ಡಾಕ್ಟರು ನಕ್ಕೇಬಿಟ್ಟರು. "ಕುದಿಸಿ ಆರಿಸಿದ ನೀರಿನಲ್ಲಿ ಕಲಸಿ ಕೊಡಿ. ಭೇದಿ ನಿಲ್ಲದಿದ್ದರೆ ನಾನೇ ಬಂದು ನೋಡ್ತೇನೆ."

ಭಾವ ಪ್ಯಾಕೆಟ್ ಕೆಳಗಿಟ್ಟು, ಬಾವಿಯಿಂದ ನೀರು ಸೇದಿ ತಂದು ಒಲೆಗಿಟ್ಟರು.

ಪ್ರೊಬಯಾಟಿಕ್ ಕೆಲಸ ಮಾಡುತ್ತದೋ ಇಲ್ಲವೋ ಎಂದು ಗಂಡ ಹೆಂಡತಿ ಇಷ್ಟು ದಿನ ಜಗಳವಾಡಿದ್ದೇ ಬಂತು. ಅದು ಜೀವಸಹಿತ ಒಂದು ಕೋಳಿಯ ಹೊಟ್ಟೆಗೂ ಹೋಗಿರಲಿಲ್ಲ ಮಾರಾಯ್ರೆ!