ಅತ್ತಿಗೆಯ ಹಿಡಿತ

ಬಳೆ ಅಂಗಡಿಯಲ್ಲಿ ಅತ್ತಿಗೆ ಕೈ ಚಾಚಿದರೆ, ಅಂಗಡಿಯವರು ಒಂದು ಸಲ ಮುಖ ನೋಡಿ, ಮೇಲಿನ ಹಲಗೆಯಿಂದ ದೊಡ್ಡ ಅಳತೆಯ ಡಬ್ಬ ಇಳಿಸುತ್ತಿದ್ದರು. ಅಗಲವಾದ ಅಂಗೈ, ಬೆರಳುಗಳ ಬುಡದಲ್ಲಿ ಹಳದಿಗಟ್ಟಿದ ಜಡ್ಡು, ಗಂಡಸರಿಗಿಂತ ದಪ್ಪನೆಯ ಮಣಿಕಟ್ಟು. ಜೊತೆಗೆ ಹೋದ ನನಗೆ ಮುಜುಗರವಾಗುತ್ತಿತ್ತು, ಅವರಿಗೆ ಆಗುತ್ತಿರಲಿಲ್ಲ.

ಭೇರ್ಯದಿಂದ ಕೆ.ಆರ್. ನಗರದ ನಮ್ಮ ಮನೆಗೆ ಸೊಸೆಯಾಗಿ ಬಂದವರು. ಕಾಲೇಜಿನಲ್ಲಿದ್ದಾಗ ಪಂಜ ಕುಸ್ತಿಯಲ್ಲಿ ಗೆಲ್ಲುತ್ತಿದ್ದರು ಎನ್ನುವುದನ್ನು ಮದುವೆ ಮಾತುಕತೆಯಲ್ಲಿ ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಅದು ತಿಳಿದದ್ದು ಹೊಸದರಲ್ಲಿ ತಮಾಷೆಗೆ ಮೇಜಿನ ಮೇಲೆ ಕೈಯೂರಿ ಸೋತ ದಿನ. ಅಣ್ಣನದು ವೆಲ್ಡಿಂಗ್ ಅಂಗಡಿ. ಸೋತವನು ನಗುತ್ತಲೇ ಎದ್ದು, ಹೆಂಡತಿಯ ಅಂಗೈಗೆ ದಾರ ಸುತ್ತಿ ಅಳತೆ ತೆಗೆದುಕೊಂಡು ಅಂಗಡಿಗೆ ಹೋದ.

ಹಿತ್ತಲ ಕೋಣೆಯಲ್ಲಿ ಒಂದೊಂದಾಗಿ ಸಾಮಾನು ಸೇರಿದವು. ಪಂಜ ಹಿಡಿಯುವಾಗ ಇನ್ನೊಂದು ಕೈಗೆ ಆಧಾರವಾಗಲು ಎರಡು ಕಬ್ಬಿಣದ ಗೂಟ ನಿಲ್ಲಿಸಿದ ಮೇಜು. ರಾಟೆಯ ಮೇಲೆ ಹಗ್ಗ ಹಾಯಿಸಿ ತೂಕ ಎಳೆಯುವ ಸ್ಟ್ಯಾಂಡು. ಮುಷ್ಟಿ ಪೂರ್ತಿ ಮುಚ್ಚದಷ್ಟು ದಪ್ಪ ಪೈಪಿನ ಹಿಡಿ. ಅದನ್ನು ಅಣ್ಣ ಮತ್ತೆ ಮತ್ತೆ ಕತ್ತರಿಸಿ, ಉಜ್ಜಿ ಸರಿ ಮಾಡಿದ್ದ. ಜೊತೆಗೆ ಕೈಯಲ್ಲಿ ಹಿಸುಕುವ ಸ್ಪ್ರಿಂಗುಗಳು. ಅಡುಗೆ ಮುಗಿಸಿ ಅತ್ತಿಗೆ ಆ ಕೋಣೆಗೆ ಹೋದರೆ ರಾಟೆಯ ಕಿರುಗುಟ್ಟುವ ಸದ್ದು ಮನೆಯೆಲ್ಲ ಕೇಳುತ್ತಿತ್ತು.

"ತೋಳು ಎಷ್ಟಾರ ದಪ್ಪ ಇರ್ಲಿ ಕಣವ್ವ," ಎನ್ನುತ್ತಿದ್ದರು ನನಗೆ. "ಮಣಿಕಟ್ಟು ಹಿಂದಕ್ಕೆ ಬಾಗ್ತು ಅಂದ್ರೆ ಮುಗೀತು."

ಮೈಸೂರಿನಲ್ಲಿ ಪಂದ್ಯವಿದ್ದರೆ ಅಣ್ಣ ಅಂಗಡಿಗೆ ಬೀಗ ಹಾಕಿ ಜೊತೆಗೆ ಹೋಗುತ್ತಿದ್ದ. ಹೆಂಡತಿ ಗೆದ್ದರೆ ಅವನ ಮುಖ ನೋಡಬೇಕಿತ್ತು.

ಅತ್ತಿಗೆ ರಾಜ್ಯಮಟ್ಟಕ್ಕೆ ಆಯ್ಕೆಯಾದ ವರ್ಷವೇ ಅಣ್ಣನಿಗೆ ಅಂಗಡಿಯಲ್ಲಿ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ತೊದಲಿತು. ಪಂದ್ಯ ನಡೆಸುವವರು ಫೋನು ಮಾಡಿದಾಗ ಅತ್ತಿಗೆ ಗಂಜಿ ಕಲಕುತ್ತಿದ್ದರು. "ಬರಕ್ಕಾಗಲ್ಲ ಸಾರ್, ಬೇರೆಯವ್ರನ್ನ ಹಾಕ್ಕಳಿ" ಎಂದು ಹೇಳಿ, ಫೋನು ಕೆಳಗಿಟ್ಟು, ಗಂಜಿ ತಳ ಹಿಡಿಯದ ಹಾಗೆ ಮತ್ತೆ ಕಲಕಿದರು.

ಆಮೇಲೆ ಆ ಕೈಗಳಿಗೆ ಒಂದೇ ಕೆಲಸ. ಅಣ್ಣ ಎತ್ತರದ ಆಳು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಮತ್ತೆ ಹಾಸಿಗೆಗೆ. ನಾನು ಅದೇ ಊರಿನ ಶಾಲೆಯಲ್ಲಿ ಪಾಠ ಮಾಡಿಕೊಂಡು ಅವರ ಜೊತೆಗೇ ಇದ್ದರೂ, ಹಗಲೆಲ್ಲ ಅವರೊಬ್ಬರೇ.

ಕೈಗೆ ಕೆಲಸ ಕೊಡುತ್ತಿರಬೇಕು ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆ ತಮ್ಮ ಸ್ಪ್ರಿಂಗನ್ನು ಅಣ್ಣನ ಬಲಗೈಗೆ ಕೊಟ್ಟರು. ಅದು ಅಲುಗಲಿಲ್ಲ. ಅಣ್ಣ ಎಡಗೈಯಿಂದ ಕಿತ್ತು ಗೋಡೆಗೆ ಎಸೆದ.

"ನಂಗ್... ಬ್ಯಾಡ."

ಅತ್ತಿಗೆ ಅದನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕೂತರು. "ನನ್ ಕೈಗೆ ಮಾಡ್ವಾಗ ನೀವು ಎಷ್ಟ್ ಸಲ ಅಳತೆ ತಗಂಡ್ರಿ? ಈಗ ನಿಮ್ ಕೈಗೆ ನಾನ್ ತಗತೀನಿ. ಕೊಡಿ ಇತ್ಲಾಗೆ."

ಮುಚ್ಚಿದ್ದ ಅಂಗಡಿ ತೆಗೆದು, ಅಲ್ಲಿದ್ದ ಸಾಮಾನಿನಲ್ಲಿ ಹುಡುಕಿ, ತೀರ ಮೆತ್ತನೆಯ ಸ್ಪ್ರಿಂಗು ತಂದರು. ಹಿಡಿಗೆ ಬಟ್ಟೆ ಸುತ್ತಿದರು. ದಿನವೂ ಅವನ ಬೆರಳುಗಳನ್ನು ಅದರ ಸುತ್ತ ಮಡಿಸಿ, ಮೇಲೆ ತಮ್ಮ ಕೈಯಿಟ್ಟು ಹಿಸುಕುತ್ತಿದ್ದರು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನಂತರ ಒಂದು ದಿನ ಹೆಬ್ಬೆರಳು ತಾನಾಗಿ ಒತ್ತಿತು. ಮರುವರ್ಷದ ಹೊತ್ತಿಗೆ ಅಣ್ಣ ಅರ್ಧ ಲೋಟ ಟೀ ತಾನೇ ಹಿಡಿದು ಕುಡಿಯುತ್ತಿದ್ದ.

ಅಷ್ಟರಲ್ಲಿ ಅತ್ತಿಗೆಯ ಕೈ ಜೋಮು ಹಿಡಿಯಲು ಶುರುವಾಗಿತ್ತು. ಪಾತ್ರೆ ಜಾರುತ್ತಿತ್ತು. ಕೇಳಿದರೆ "ಸೋಪು ಕಣವ್ವ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಶಾಲೆಯಿಂದ ಬೇಗ ಬಂದೆ. ಮನೆಯಲ್ಲಿ ಸದ್ದಿಲ್ಲ. ಬಚ್ಚಲಲ್ಲಿ ನೋಡಿದರೆ ಇಬ್ಬರೂ ಒದ್ದೆ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಾರೆ. ಎತ್ತುವಾಗ ಹಿಡಿತ ಬಿಟ್ಟುಹೋಗಿತ್ತು. ಪುಣ್ಯಕ್ಕೆ ಅಣ್ಣನಿಗೆ ಪೆಟ್ಟಾಗಿರಲಿಲ್ಲ.

"ಏಳಿ ಅತ್ತಿಗೆ," ಎಂದೆ.

"ಸಾಕಾಗೋಯ್ತು ಕಣವ್ವ. ಸ್ವಲ್ಪೊತ್ತು ಇಲ್ಲೇ ಕೂತಿರ್ತೀವಿ, ಬುಡು."

ಅಣ್ಣ ತನ್ನ ಬಲಗೈಯನ್ನು ಎಳೆದು ತಂದು ಅವರ ಮೊಣಕಾಲ ಮೇಲಿಟ್ಟ. ನಾನೂ ಸೀರೆ ಮಡಿಚಿ ಹೊಸ್ತಿಲ ಮೇಲೆ ಕೂತೆ.

ಮರುದಿನ ಅತ್ತಿಗೆ ನನ್ನನ್ನು ಹಿತ್ತಲ ಕೋಣೆಗೆ ಕರೆದುಕೊಂಡು ಹೋದರು. ಹಗ್ಗ ಎಳೆಯುವುದು, ಮಣಿಕಟ್ಟು ನೇರ ಇಟ್ಟುಕೊಳ್ಳುವುದು, ಇನ್ನೊಬ್ಬರ ಭಾರವನ್ನು ಕೈಗೆ ತೆಗೆದುಕೊಳ್ಳುವುದು ಎಲ್ಲವನ್ನೂ ಕಲಿಸಿದರು. ನನಗೆ ಅಳು ಬರುವಷ್ಟು ಸುಸ್ತಾಗುತ್ತಿತ್ತು. "ಸುಸ್ತಾದ್ಮೇಲೆ ಇನ್ನೊಂದ್ ಸಲ ಎಳಿ, ಆಗ್ಲೇ ಶಕ್ತಿ ಬರದು" ಎನ್ನುತ್ತಿದ್ದರು, ತಾವು ಸ್ಟೂಲಿನ ಮೇಲೆ ಸೋತು ಕೂತುಕೊಂಡು. ಅಣ್ಣನನ್ನು ಎತ್ತುವ ಕೆಲಸ ಮೆಲ್ಲಗೆ ನನ್ನ ಕೈಗೆ ಬಂತು. ಎರಡನೆಯ ಸಲ ಲಕ್ವ ಹೊಡೆದು ಅವನು ತೀರಿಕೊಳ್ಳುವವರೆಗೂ ಎತ್ತಿದೆ.

ಅವನು ಹೋದ ಮೇಲಷ್ಟೇ ಅತ್ತಿಗೆ ತಮ್ಮ ಕೈಯನ್ನು ಡಾಕ್ಟರಿಗೆ ತೋರಿಸಲು ಒಪ್ಪಿದರು. ನರ ಅಮುಕಿಕೊಂಡಿದೆ ಎಂದು ಮೈಸೂರಿನಲ್ಲಿ ಎರಡೂ ಮಣಿಕಟ್ಟಿಗೆ ಆಪರೇಷನ್ ಆಯಿತು. ತಡವಾಗಿ ಬಂದಿರಿ, ಇಷ್ಟೇ ಆಗುವುದು ಎಂದರು ಡಾಕ್ಟರು. ಅತ್ತಿಗೆ ತಲೆಯಾಡಿಸಿದರು. ಬಸ್ಸಿನಲ್ಲಿ ಬರುವಾಗ ನನ್ನ ಭುಜಕ್ಕೊರಗಿ ಊರು ಬರುವವರೆಗೂ ನಿದ್ದೆ ಮಾಡಿದರು.

ಈಗ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನಾನು ಅವರ ತಲೆ ಬಾಚುತ್ತೇನೆ. ಬಾಚಣಿಗೆ ಅವರ ಕೈಯಲ್ಲಿ ನಿಲ್ಲುವುದಿಲ್ಲ. ಕೂದಲು ನರೆತಿದ್ದರೂ ಇನ್ನೂ ಒತ್ತಾಗಿದೆ. ಜಡೆ ಹೆಣೆಯುವಾಗ ಮುಂದಕ್ಕೆ ನೋಡಿಕೊಂಡೇ ಹೇಳುತ್ತಾರೆ, "ಇನ್ನೂ ಬಿಗಿಯಾಗಿ ಹಾಕವ್ವ."

"ನೋವಾಗುತ್ತೆ ಅತ್ತಿಗೆ."

"ಆಗ್ಲಿ. ಸಂಜೆಗಂಟ ಬಿಚ್ಕಬಾರ್ದು."

ನಾನು ಎಳೆದು ಹೆಣೆಯುತ್ತೇನೆ.